ವಾಹನದ ಬಿಡಿಭಾಗಗಳು: ಕಾರ್ಖಾನೆಯದೋ, ಪೇಟೆಯದೋ?

ಬೆಂಗಳೂರಿನ ಜೆ.ಸಿ. ರಸ್ತೆಯ ಯಾವುದಾದರೊಂದು ಅಂಗಡಿಯಲ್ಲಿ ನಿಂತು ಮೋಟಾರ್ ಸೈಕಲ್ಲಿಗೆ ಒಂದು ಜೊತೆ ಬ್ರೇಕ್ ಶೂ ಬೇಕೆಂದು ಕೇಳಿದರೆ, ಅಂಗಡಿಯವರು ಮರಳಿ ಕೇಳುವ ಪ್ರಶ್ನೆ ಒಂದೇ: “ಒರಿಜಿನಲ್ ಕೊಡಲೋ, ಲೋಕಲ್ ಸಾಕೋ?” ಬೆಲೆಯಲ್ಲಿ ಎರಡಕ್ಕೂ ದುಪ್ಪಟ್ಟು ಅಂತರವಿರುವುದುಂಟು. ಪೆಟ್ಟಿಗೆಯಿಂದ ತೆಗೆದು ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ಎರಡೂ ಒಂದೇ. ಹೆಚ್ಚು ಹಣ ತೆತ್ತವನು ಮೋಸಹೋದೆನೇ ಎಂದೂ, ಕಡಿಮೆ ತೆತ್ತವನು ಅಪಾಯವನ್ನು ಕೊಂಡೆನೇ ಎಂದೂ ಶಂಕಿಸುತ್ತಲೇ ಅಂಗಡಿಯಿಂದ ಹೊರಡುತ್ತಾರೆ. ಈ ಶಂಕೆಯನ್ನು ಊಹಾಪೋಹಗಳಿಗೆ ಬಿಡದೆ, ಭೌತವಿಜ್ಞಾನದ ನೆರವಿನಿಂದ ಎಷ್ಟರಮಟ್ಟಿಗೆ ಬಗೆಹರಿಸಬಹುದೆಂಬುದನ್ನು ನೋಡೋಣ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ವಾಹನದ ಕಾರ್ಖಾನೆ ತನ್ನ ಮುದ್ರೆಯೊತ್ತಿ ಮಾರುವ ಭಾಗವನ್ನು ಮೆಕ್ಯಾನಿಕ್ಕುಗಳು ‘ಕಂಪನಿ ಪಾರ್ಟು’ ಎನ್ನುತ್ತಾರೆ. ಆದರೆ ಯಾವ ವಾಹನದ ಕಾರ್ಖಾನೆಯೂ ತನಗೆ ಬೇಕಾದ ಎಲ್ಲವನ್ನೂ ತಾನೇ ತಯಾರಿಸುವುದಿಲ್ಲ. ಬೇರಿಂಗು, ಚೈನು, ಸ್ಪಾರ್ಕ್ ಪ್ಲಗ್ಗು, ಟೈರು, ಬ್ರೇಕಿನ ಲೈನರು ಮುಂತಾದುವು ಆಯಾ ಕಸುಬಿನ ಬೇರೆ ಕಾರ್ಖಾನೆಗಳಿಂದ ಬರುತ್ತವೆ. ಅದೇ ಕಾರ್ಖಾನೆಗಳು ಅದೇ ಮಾಲನ್ನು ಸ್ವಂತ ಹೆಸರಿನ ಪೆಟ್ಟಿಗೆಯಲ್ಲಿಯೂ ಪೇಟೆಗೆ ಕಳುಹಿಸುವುದುಂಟು. ಇವುಗಳಲ್ಲದೆ, ವಾಹನದ ಕಾರ್ಖಾನೆಗೆ ಎಂದೂ ಸರಬರಾಜು ಮಾಡದೆ ಪೇಟೆಗೆಂದೇ ತಯಾರಿಸುವ ಸ್ವತಂತ್ರ ತಯಾರಕರು ಇದ್ದಾರೆ. ಅವರಲ್ಲಿ ಅತ್ಯುತ್ತಮರೂ ಉಂಟು, ಅತಿ ಸಾಧಾರಣರೂ ಉಂಟು. ಕೊನೆಯದಾಗಿ, ಬೇರೊಬ್ಬರ ಹೆಸರನ್ನು ಕದ್ದು ಅಚ್ಚೊತ್ತಿದ ನಕಲಿ ಮಾಲು. ‘ಲೋಕಲ್’ ಎಂಬ ಒಂದೇ ಮಾತು ಇಷ್ಟನ್ನೂ ಒಂದೇ ಮೂಟೆಯಲ್ಲಿ ಕಟ್ಟಿಬಿಡುತ್ತದೆ.

ಬೇರಿಂಗನ್ನೇ ನೋಡಿ. ಅನೇಕ ಮೋಟಾರ್ ಸೈಕಲ್ಲುಗಳ ಚಕ್ರದಲ್ಲಿ ಕೂರುವ 6203 ಸಂಖ್ಯೆಯ ಬೇರಿಂಗಿನ ಒಳವ್ಯಾಸ 17 ಮಿಲಿಮೀಟರ್, ಹೊರವ್ಯಾಸ 40, ದಪ್ಪ 12. ಜಪಾನಿನಲ್ಲಿ ಮಾಡಿದರೂ ಜರ್ಮನಿಯಲ್ಲಿ ಮಾಡಿದರೂ ನಮ್ಮ ದೇಶದಲ್ಲಿ ಮಾಡಿದರೂ ಈ ಅಳತೆ ಬದಲಾಗದು. ಸಂಖ್ಯೆಯ ಅರ್ಥವೇ ಅದು. ಸಂಖ್ಯೆಯ ಮುಂದೆ ‘ಸಿ3’ ಎಂದಿದ್ದರೆ ಒಳಗಿನ ಸಡಿಲು ಸಾಮಾನ್ಯಕ್ಕಿಂತ ಸ್ವಲ್ಪ ಹೆಚ್ಚೆಂದು ತಿಳಿಯಬೇಕು. ಹೆಸರಾಂತ ಬೇರಿಂಗ್ ತಯಾರಕರ 6203ನ್ನು ಅವರದೇ ಪೆಟ್ಟಿಗೆಯಲ್ಲಿ ಕೊಂಡರೂ, ವಾಹನದ ಕಾರ್ಖಾನೆಯ ಪೆಟ್ಟಿಗೆಯಲ್ಲಿ ಹೆಚ್ಚು ಬೆಲೆಗೆ ಕೊಂಡರೂ, ಒಳಗಿನ ಉಕ್ಕಿನ ಗುಂಡುಗಳಿಗೆ ಆ ಭೇದ ಗೊತ್ತಾಗದು. ಇಲ್ಲಿ ಹೆದರಬೇಕಾದುದು ಪೇಟೆಯ ಮಾಲಿಗಲ್ಲ, ನಕಲಿ ಮಾಲಿಗೆ.

ಎಲ್ಲ ಭಾಗಗಳೂ ಇಷ್ಟು ಸರಳವಾಗಿದ್ದರೆ ಈ ಲೇಖನವೇ ಬೇಕಾಗುತ್ತಿರಲಿಲ್ಲ. ಒಂದು ಯಂತ್ರಭಾಗದ ಕಾರ್ಖಾನೆಯ ನಕಾಶೆಯಲ್ಲಿ ನಾಲ್ಕು ಬಗೆಯ ಸಂಗತಿಗಳಿರುತ್ತವೆ: ಆಕಾರ, ಅಳತೆಯಲ್ಲಿ ಸಹಿಸಬಹುದಾದ ಏರುಪೇರು, ಯಾವ ಲೋಹ ಅಥವಾ ಮಿಶ್ರಣ ಎಂಬುದು, ಮತ್ತು ಅದಕ್ಕೆ ಕೊಡಬೇಕಾದ ಶಾಖೋಪಚಾರ. ನಕಲು ಮಾಡುವವನು ಮೂಲ ಭಾಗವನ್ನು ಎದುರಿಗಿಟ್ಟುಕೊಂಡು ಕ್ಯಾಲಿಪರಿನಿಂದ ಅಳೆಯಬಲ್ಲನು. ಅವನ ಕೈಗೆ ಸಿಗುವುದು ಮೊದಲನೆಯ ಸಂಗತಿ, ಎರಡನೆಯದು ಅರೆಬರೆ. ಉಳಿದೆರಡು ಲೋಹದ ಒಳಗೆ ಅಡಗಿವೆ. ಭಾಗದ ಕೆಲಸ ಆಕಾರವೊಂದರಿಂದಲೇ ನಡೆಯುವಂತಿದ್ದರೆ ನಕಲು ಸಾಕು. ಅದು ಅಡಗಿದ ಗುಣದಿಂದ ನಡೆಯುವಂತಿದ್ದರೆ ಯಾರು ಮಾಡಿದರೆಂಬುದು ಮುಖ್ಯವಾಗುತ್ತದೆ. ನಮ್ಮ ಮಟ್ಟಿಗೆ ಇಡೀ ವಿಷಯದ ಬೀಗದಕೈ ಇದೇ.

ಇದಕ್ಕೆ ಮೈಸೂರಿನದೇ ಒಂದು ಉದಾಹರಣೆಯಿದೆ. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳು ತಯಾರಾಗುತ್ತಿದ್ದುವು. ಬೇರೊಂದು ಕಂಪನಿ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಪೇಟೆಗೆ ತಂದಿತಾದರೂ, ಆ ಗಾಡಿಗಳದು ನಾಲ್ಕು ಹೊಡೆತದ ಬೇರೆಯೇ ಇಂಜಿನು. ಅವುಗಳ ಭಾಗ ಹಳೆಯ ಎರಡು ಹೊಡೆತದ ಗಾಡಿಗೆ ಕೂಡುವುದಿಲ್ಲ. ಆದರೂ ಹಳೆಯ ಯೆಜ್ಡಿಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ತಮ್ಮ ಎರಡು ಕೊಳವೆಗಳಿಂದ ಹೊಗೆಯುಗುಳುತ್ತ ಓಡುತ್ತಿವೆ. ಅವುಗಳ ಒಡೆಯರಿಗೆ ‘ಒರಿಜಿನಲ್ಲೋ ಲೋಕಲ್ಲೋ’ ಎಂಬ ಆಯ್ಕೆಯೇ ಬಹುಪಾಲು ಇಲ್ಲ. ಇರುವುದು ಯಾವ ಲೋಕಲ್ ಎಂಬ ಆಯ್ಕೆ.

ಈ ಇಂಜಿನ್ನಿನ ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75. ಸಿಲಿಂಡರ್ ಬೀಡುಕಬ್ಬಿಣದ್ದು, ಪಿಸ್ಟನ್ ಅಲ್ಯುಮಿನಿಯಂ ಮಿಶ್ರಲೋಹದ್ದು. ಕಾದಾಗ ಎರಡೂ ಹಿಗ್ಗುತ್ತವೆ, ಆದರೆ ಸಮನಾಗಿ ಅಲ್ಲ. ಬೀಡಿನ ರೇಖಾವ್ಯಾಕೋಚನಾಂಕ ಡಿಗ್ರಿಯೊಂದಕ್ಕೆ ಸುಮಾರು ಹತ್ತು ಲಕ್ಷದಲ್ಲಿ 11 ಭಾಗ. ಬರಿಯ ಅಲ್ಯುಮಿನಿಯಮ್ಮಿನದು ಸುಮಾರು 23. ಅಂತರ ಇಷ್ಟೊಂದಿರಬಾರದೆಂದು ಪಿಸ್ಟನ್ ತಯಾರಕರು ಅಲ್ಯುಮಿನಿಯಮ್ಮಿಗೆ ನೂರಕ್ಕೆ ಸುಮಾರು 12ರಷ್ಟು ಸಿಲಿಕಾನ್ ಬೆರೆಸುತ್ತಾರೆ; ಆಗ ಅಂಕ 20ರ ಸುತ್ತಮುತ್ತ ಇಳಿಯುತ್ತದೆ. ಓಡುವ ಇಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಮೈ 120 ಡಿಗ್ರಿಯಷ್ಟೂ ಸಿಲಿಂಡರ್ 110 ಡಿಗ್ರಿಯಷ್ಟೂ ಬಿಸಿಯೇರಿತೆಂದು ಇಟ್ಟುಕೊಳ್ಳೋಣ. ಪಿಸ್ಟನ್ 0.156 ಮಿಲಿಮೀಟರ್ ಹಿಗ್ಗುತ್ತದೆ, ಸಿಲಿಂಡರ್ 0.079. ಅಂದರೆ ತಣ್ಣಗಿದ್ದಾಗ ಇವೆರಡರ ನಡುವೆ ಬಿಟ್ಟ ಸಡಿಲಿನಲ್ಲಿ 0.077 ಮಿಲಿಮೀಟರ್ ಕಾದಾಗ ಕರಗಿಹೋಗುತ್ತದೆ. ತಲೆಗೂದಲಿನ ದಪ್ಪದಷ್ಟು!

ಈಗ ಸಿಲಿಕಾನ್ ಸಾಕಷ್ಟಿಲ್ಲದ, ಸಿಕ್ಕ ಅಲ್ಯುಮಿನಿಯಮ್ಮನ್ನು ಕರಗಿಸಿ ಎರಕಹೊಯ್ದ ಪಿಸ್ಟನ್ ಬಂದಿತೆನ್ನಿ. ಅಳತೆ ಕರಾರುವಾಕ್ಕಾಗಿದೆ, ಕ್ಯಾಲಿಪರು ಯಾವ ದೋಷವನ್ನೂ ತೋರಿಸದು. ಆದರೆ ಅಷ್ಟೇ ಬಿಸಿಯಲ್ಲಿ ಅದು 0.179 ಮಿಲಿಮೀಟರ್ ಹಿಗ್ಗುತ್ತದೆ, ಸಡಿಲಿನಲ್ಲಿ 0.1 ಮಿಲಿಮೀಟರನ್ನು ನುಂಗುತ್ತದೆ. ಎಣ್ಣೆಯ ಪದರಕ್ಕೆ ಜಾಗವುಳಿಯದೆ ಲೋಹಕ್ಕೆ ಲೋಹ ಉಜ್ಜಿ ಇನ್ನೂ ಬಿಸಿಯೇರುತ್ತದೆ, ಬಿಸಿಯೇರಿದಷ್ಟೂ ಹಿಗ್ಗುತ್ತದೆ. ಕೊನೆಗೆ ಪಿಸ್ಟನ್ ಸಿಲಿಂಡರನ್ನು ಕಚ್ಚಿ ನಿಲ್ಲುತ್ತದೆ. ಮೆಕ್ಯಾನಿಕ್ಕುಗಳು ‘ಸೀಜ್ ಆಯಿತು’ ಎನ್ನುವುದು ಇದನ್ನೇ. ಎದುರಿನಿಂದ ಲಾರಿ ಬರುತ್ತಿರುವಾಗ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಕಚ್ಚಿ ನಿಂತರೆ ಆಗುವುದೇನೆಂಬುದನ್ನು ವಿವರಿಸಬೇಕಾಗಿಲ್ಲ. ಅನುಭವಸ್ಥ ಮೆಕ್ಯಾನಿಕ್ಕು ರೀಬೋರ್ ಮಾಡಿಸುವಾಗ “ಈ ಪಿಸ್ಟನ್ನಿಗೆ ಸ್ವಲ್ಪ ಸಡಿಲ ಬಿಡಿ” ಎಂದು ಲೇತಿನವರಿಗೆ ಹೇಳುವುದುಂಟು. ವ್ಯಾಕೋಚನಾಂಕದ ಹೆಸರನ್ನು ಕೇಳದಿದ್ದರೂ ಅವನ ಕೈಗೆ ಅದರ ಬೆಲೆ ತಿಳಿದಿದೆ. ಹೀಗೆ ಸಡಿಲ ಬಿಟ್ಟರೆ ಸೀಜ್ ಆಗುವುದು ತಪ್ಪೀತು, ಆದರೆ ತಣ್ಣಗಿರುವಾಗ ಪಿಸ್ಟನ್ ಗೋಡೆಗೆ ಬಡಿಯುತ್ತ ಸದ್ದು ಮಾಡುತ್ತದೆ, ಉಂಗುರಗಳೂ ಬೇಗ ಸವೆಯುತ್ತವೆ.

ಅದೇ ಇಂಜಿನ್ನಿನಲ್ಲಿ ಇದಕ್ಕೆ ತೀರ ವಿರುದ್ಧವಾದ ಪಾಠವೂ ಇದೆ. ಎರಡು ಹೊಡೆತದ ಇಂಜಿನ್ನಿನ ಕ್ರ್ಯಾಂಕ್ ಪೆಟ್ಟಿಗೆ ಗಾಳಿಯಾಡದಂತೆ ಮುಚ್ಚಿರಬೇಕು. ದಂಡದ ಎರಡು ತುದಿಗಳಲ್ಲಿಯೂ ರಬ್ಬರಿನ ಆಯಿಲ್ ಸೀಲುಗಳಿರುವುದು ಅದಕ್ಕಾಗಿ. ಕಾರ್ಖಾನೆ ಮುಚ್ಚುವ ಮೊದಲೇ ತಯಾರಾಗಿ ಪೆಟ್ಟಿಗೆಯಲ್ಲಿಯೇ ಉಳಿದ ಸೀಲು ದೊರೆತರೆ ಅದನ್ನು ನಿಧಿಯೆಂಬಂತೆ ಕೊಳ್ಳುವವರಿದ್ದಾರೆ. ಆದರೆ ರಬ್ಬರು ಪೆಟ್ಟಿಗೆಯಲ್ಲಿದ್ದರೂ ಮುಪ್ಪಾಗುತ್ತದೆ. ಗಾಳಿಯ ಆಮ್ಲಜನಕ ಅದನ್ನು ನಿಧಾನವಾಗಿ ಗಡಸು ಮಾಡುತ್ತದೆ. ಗಡಸಾದ ತುಟಿಯ ಸಂದಿನಿಂದ ಒಳನುಗ್ಗಿದ ಗಾಳಿ ಪೆಟ್ರೋಲಿನ ಮಿಶ್ರಣವನ್ನು ತೆಳುಮಾಡಿ ಇಂಜಿನ್ನನ್ನು ಅತಿಯಾಗಿ ಕಾಯಿಸುತ್ತದೆ. ನಾವು ಮೇಲೆ ಹೇಳಿದ ಪಿಸ್ಟನ್ನಿಗೆ ಇದಕ್ಕಿಂತ ಕೇಡು ಬೇರೆ ಬೇಡ. ಒಳ್ಳೆಯ ತಯಾರಕರು ಈಚೆಗೆ ಮಾಡಿದ, ಬಿಸಿಯನ್ನು ಹೆಚ್ಚು ತಡೆಯುವ ಫ್ಲೋರೋಕಾರ್ಬನ್ ರಬ್ಬರಿನ ಸೀಲು ಮೂವತ್ತು ವರ್ಷದ ‘ಒರಿಜಿನಲ್’ಗಿಂತ ಮೇಲು.

ಇನ್ನು ಬ್ರೇಕು. ಇಲ್ಲಿ ಸ್ವಲ್ಪ ನಿಲ್ಲಬೇಕಾದುದು ಅವಶ್ಯ, ಏಕೆಂದರೆ ಹಣವುಳಿಸುವ ಆಸೆ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಸವಾರನೂ ಸೇರಿ 200 ಕಿಲೋಗ್ರಾಂ ತೂಗುವ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 28,000 ಜೂಲ್. ನಿಲ್ಲಿಸಿದಾಗ ಇದೆಲ್ಲ ಶಾಖವಾಗುತ್ತದೆ. ಲೆಕ್ಕ ಸುಲಭವಾಗಲೆಂದು ಎರಡು ಚಕ್ರಗಳ ಡ್ರಮ್ಮುಗಳೂ ಸೇರಿ 4 ಕಿಲೋಗ್ರಾಂ ಕಬ್ಬಿಣವೆಂದು ಭಾವಿಸಿದರೆ, ಉಷ್ಣತೆ ಏರುವುದು ಸುಮಾರು 15 ಡಿಗ್ರಿ ಮಾತ್ರ. ಊರೊಳಗೆ ಓಡಾಡುವವನಿಗೆ ಯಾವ ಲೈನರಾದರೂ ನಡೆಯುತ್ತದೆಂದು ಅನ್ನಿಸಲು ಇದೇ ಕಾರಣ.

ಅದೇ ಗಾಡಿ ಆಗುಂಬೆಯಂತಹ ಘಾಟಿಯಲ್ಲಿ ಇಳಿಯಲಿ. ಇಳಿತ 500 ಮೀಟರ್ ಎಂದರೆ ಕಳೆದುಕೊಳ್ಳಬೇಕಾದ ಸ್ಥಿತಿಶಕ್ತಿ 9,80,000 ಜೂಲ್, ಅಂದರೆ ಮೇಲಿನಂತೆ 35 ಸಲ ನಿಲ್ಲಿಸಿದಷ್ಟು. ಅದರಲ್ಲಿ ಅರ್ಧವನ್ನು ಗಾಳಿಯ ತಡೆಯೂ ಕಡಿಮೆ ಗೇರಿನಲ್ಲಿರುವ ಇಂಜಿನ್ನೂ ನುಂಗಿದರೂ, ಉಳಿದರ್ಧ ಡ್ರಮ್ಮುಗಳಿಗೆ ಹೋಗಬೇಕು. ಗಾಳಿಗೆ ಆರದಿದ್ದರೆ ಇದು 270 ಡಿಗ್ರಿಯ ಏರಿಕೆ. ನಿಜವಾಗಿ ಸ್ವಲ್ಪ ಆರುತ್ತದೆ. ಆದರೆ ಲೈನರಿನ ಮೇಲ್ಮೈ ಡ್ರಮ್ಮಿನ ಸರಾಸರಿಗಿಂತ ಬಹಳ ಹೆಚ್ಚು ಬಿಸಿಯಾಗಿರುತ್ತದೆಂಬುದನ್ನೂ ಮರೆಯಬಾರದು. ಲೈನರೆಂದರೆ ನಾರು, ಲೋಹದ ಪುಡಿ, ಗ್ರಾಫೈಟು ಮುಂತಾದುವನ್ನು ಕೃತಕ ರಾಳದಿಂದ ಬಂಧಿಸಿ ಒತ್ತಿ ಬೇಯಿಸಿದ ಬಿಲ್ಲೆ. ಅತಿಯಾಗಿ ಕಾದಾಗ ರಾಳ ಒಡೆದು ಅನಿಲ ಹೊರಡುತ್ತದೆ, ಘರ್ಷಣಾಂಕ ಕುಸಿಯುತ್ತದೆ. ಹತ್ತನೆಯ ತಿರುವಿನವರೆಗೆ ಚೆನ್ನಾಗಿ ಹಿಡಿಯುತ್ತಿದ್ದ ಬ್ರೇಕು ಹನ್ನೊಂದನೆಯದರಲ್ಲಿ ಹಿಡಿಯದು. ಅಂಗಡಿಯ ಮುಂದೆ ಒಂದು ಸುತ್ತು ಓಡಿಸಿ “ಚೆನ್ನಾಗಿಯೇ ಇದೆ” ಎನ್ನುವ ಪರೀಕ್ಷೆಯಲ್ಲಿ ಈ ದೋಷ ಕಾಣುವುದೇ ಇಲ್ಲ.

ಹಾಗಾದರೆ ಘರ್ಷಣಾಂಕ ಹೆಚ್ಚಿದ್ದಷ್ಟೂ ಒಳ್ಳೆಯದೇ? ಡ್ರಮ್ ಬ್ರೇಕಿನಲ್ಲಿ ಅದೂ ಅಲ್ಲ. ಡ್ರಮ್ಮು ತಿರುಗುವ ದಿಕ್ಕಿನಲ್ಲಿಯೇ ಸರಿದು ಒತ್ತುವ ಶೂವನ್ನು ಘರ್ಷಣೆಯೇ ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಸರಳಗೊಳಿಸಿದ ಒಂದು ಶೂವಿನಲ್ಲಿ, ಒತ್ತುಬಲಕ್ಕೂ ತಡೆಬಲಕ್ಕೂ ಇರುವ ಅನುಪಾತ ಹೀಗೆಂದು ಇಟ್ಟುಕೊಳ್ಳೋಣ: ಘರ್ಷಣಾಂಕದ ಎರಡರಷ್ಟನ್ನು, ಒಂದರಿಂದ ಘರ್ಷಣಾಂಕವನ್ನು ಕಳೆದ ಶೇಷದಿಂದ ಭಾಗಿಸಿದಷ್ಟು. ಘರ್ಷಣಾಂಕ 0.35 ಆದರೆ ಅನುಪಾತ 1.08, 0.45 ಆದರೆ 1.64. ಘರ್ಷಣಾಂಕ ನೂರಕ್ಕೆ 29ರಷ್ಟು ಏರಿದರೆ ತಡೆ ನೂರಕ್ಕೆ 52ರಷ್ಟು ಏರಿತು! ‘ಭಾರೀ ಹಿಡಿತ’ ಎಂದು ಹೊಗಳಿ ಮಾರುವ ಲೈನರು ಮಳೆಯಲ್ಲಿ ಚಕ್ರವನ್ನು ಕಚ್ಚಿ ಜಾರಿಸುವುದು ಹೀಗೆ. ಡಿಸ್ಕ್ ಬ್ರೇಕಿನಲ್ಲಿ ಈ ತೊಡಕಿಲ್ಲ. ಅಲ್ಲಿ ತಡೆ ಘರ್ಷಣಾಂಕಕ್ಕೆ ನೇರ ಅನುಪಾತದಲ್ಲಿರುತ್ತದೆ.

ಕೆಲವು ಪ್ಯಾಡುಗಳ ಬೆನ್ನಿನ ಮೇಲೆ ‘ಎಫ್‌ಎಫ್’, ‘ಜಿಜಿ’ ಎಂಬಂತಹ ಜೋಡಿ ಅಕ್ಷರಗಳಿರುವುದನ್ನು ಕಂಡಿರಬಹುದು. ಇದು ಅಮೆರಿಕದ ಮೋಟಾರು ಇಂಜಿನಿಯರುಗಳ ಸಂಘದ ಸಂಕೇತ. ಮೊದಲಕ್ಷರ ಸಾಧಾರಣ ಬಿಸಿಯಲ್ಲಿನ ಘರ್ಷಣಾಂಕವನ್ನೂ ಎರಡನೆಯದು ಅಧಿಕ ಬಿಸಿಯಲ್ಲಿನದನ್ನೂ ಹೇಳುತ್ತದೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲಿನದಕ್ಕಿಂತ ಹಿಂದಿನದಾದರೆ ಬಿಸಿಯಲ್ಲಿ ಹಿಡಿತ ಕುಗ್ಗುತ್ತದೆಂದು ತಿಳಿಯಬೇಕು. ಯಾವ ಅಕ್ಷರವೂ, ಯಾವ ತಯಾರಕರ ಹೆಸರೂ ಇಲ್ಲದ ಲೈನರನ್ನು ನಾವಂತೂ ಕೊಳ್ಳುವುದಿಲ್ಲ. ಪ್ರಾಸಂಗಿಕವಾಗಿ ಇನ್ನೊಂದು ಮಾತು: ಹಿಂದಿನ ಲೈನರುಗಳಲ್ಲಿ ಕಲ್ನಾರು ಬಳಸುತ್ತಿದ್ದರು, ಹೆಸರಿಲ್ಲದ ಮಾಲಿನಲ್ಲಿ ಏನಿದೆಯೆಂದು ಹೇಳುವವರಿಲ್ಲ. ಡ್ರಮ್ಮಿನ ಧೂಳನ್ನು ಬಾಯಿಂದ ಊದುವ ಅಭ್ಯಾಸವನ್ನು ಬಿಡುವುದು ಶ್ವಾಸಕೋಶಕ್ಕೆ ಕ್ಷೇಮ.

ಚೈನಿನ ಕಥೆ ಬೇರೆ. ಅದರಲ್ಲಿಯೂ ಗುಣ ಅಡಗಿಯೇ ಇದೆ. ಪಿನ್ನುಗಳ ಮೇಲ್ಮೈ ಗಡಸಾಗಿರದಿದ್ದರೆ ಬೇಗ ಸವೆಯುತ್ತವೆ. ಆದರೆ ಚೈನು ತನ್ನ ದೋಷವನ್ನು ಮುಚ್ಚಿಡುವುದಿಲ್ಲ. ಚೈನು ‘ಉದ್ದವಾಯಿತು’ ಎನ್ನುವಾಗ ಉಕ್ಕು ಎಳೆದು ನೀಳವಾದುದಲ್ಲ. ಒಂದೊಂದು ಪಿನ್ನೂ ಕೂದಲೆಳೆಯಷ್ಟು ಸವೆದು, ಆ ಸವೆತಗಳೆಲ್ಲ ಕೂಡಿಕೊಂಡುದು. 428 ಸಂಖ್ಯೆಯ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿಲಿಮೀಟರ್, ಇಪ್ಪತ್ತು ಕೊಂಡಿಗಳಿಗೆ 254. ಇದು ಸುಮಾರು 259 ಆದಾಗ ಬದಲಿಸಬೇಕು. ಉಕ್ಕಿನ ಅಳತೆಪಟ್ಟಿಯೊಂದಿದ್ದರೆ ಯಾವ ವಿದ್ಯಾರ್ಥಿಯೂ ತಿಂಗಳಿಗೊಮ್ಮೆ ಅಳೆದು ಗುರುತುಹಾಕಿಕೊಳ್ಳಬಹುದು. ದೋಷವು ನಿಧಾನವಾಗಿ, ಅಳತೆಗೆ ಸಿಗುವಂತೆ ಬರುವ ಕಡೆ ಅಗ್ಗದ ಮಾಲನ್ನು ಪರೀಕ್ಷಿಸಿ ನೋಡುವುದರಲ್ಲಿ ಅಪಾಯ ಕಡಿಮೆ. ಸ್ಪಾರ್ಕ್ ಪ್ಲಗ್ಗಿನಲ್ಲಿ ಬೇರೆಯದೇ ಒಂದು ಬಲೆಯಿದೆ. ಎನ್‌ಜಿಕೆಯವರ ಸಂಖ್ಯೆ ಏರಿದಂತೆ ಪ್ಲಗ್ಗು ಹೆಚ್ಚು ‘ತಂಪು’, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದು. ಬಾಷ್‌ನವರ ಸಂಖ್ಯೆ ಏರಿದಂತೆ ಹೆಚ್ಚು ‘ಬಿಸಿ’. ಎರಡೂ ಉತ್ತಮ ಮಾಲೇ. ಒಂದರ ಸಂಖ್ಯೆಯನ್ನು ಇನ್ನೊಂದರದೆಂದು ಓದಿದರೆ ಕೆಟ್ಟಿತು.

ಕನ್ನಡಿ, ಸೀಟಿನ ಹೊದಿಕೆ, ಫೂಟ್‌ರೆಸ್ಟಿನ ರಬ್ಬರು, ಮಡ್‌ಗಾರ್ಡು ಮುಂತಾದುವನ್ನು ಕುರಿತು ಹೇಳಬೇಕಾದುದು ಹೆಚ್ಚಿಲ್ಲ. ಕೂಡಿದರೆ ಸಾಕು.

ಕಾಡುದಾರಿಯ ವಾಹನಗಳಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗಳನ್ನು ಏರಿಸುವ ಜೀಪುಗಳನ್ನು ನೋಡಿದವರಿಗೆ, ಕಾರ್ಖಾನೆ ಕಲ್ಪಿಸಿಕೊಂಡ ‘ಸಾಮಾನ್ಯ ಬಳಕೆದಾರ’ ಎಷ್ಟು ದೂರದವನೆಂಬುದು ತಿಳಿದೀತು. ಷಾಕ್ ಅಬ್ಸಾರ್ಬರಿನ ಕೆಲಸವೆಂದರೆ ಕುಲುಕಾಟದ ಶಕ್ತಿಯನ್ನು ಎಣ್ಣೆಯ ಶಾಖವಾಗಿಸುವುದು. ಟಾರು ರಸ್ತೆಯಲ್ಲಿ ಆ ಶಾಖ ಆರಿಹೋಗುತ್ತದೆ. ಕಲ್ಲುಹಾದಿಯಲ್ಲಿ ಗಂಟೆಗಟ್ಟಲೆ ಸಾಗಿದರೆ ಎಣ್ಣೆ ಕಾದು ನೀರಾಗಿ ಹಿಡಿತ ತಪ್ಪುತ್ತದೆ. ಹೆಚ್ಚು ಎಣ್ಣೆ ಹಿಡಿಯುವ, ಪ್ರತ್ಯೇಕ ಎಣ್ಣೆಪಾತ್ರೆಯುಳ್ಳ ಪೇಟೆಯ ಷಾಕ್ ಅಬ್ಸಾರ್ಬರು ಇಂತಹ ಕಡೆ ಕಾರ್ಖಾನೆಯದಕ್ಕಿಂತ ನಿಜವಾಗಿಯೂ ಮೇಲು. ಕಾರ್ಖಾನೆ ಸರಾಸರಿಗಾಗಿ ಕಟ್ಟುತ್ತದೆ. ಸರಾಸರಿಯವರಲ್ಲದವರಿಗೆ ಪೇಟೆಯೇ ಗತಿ.

ಆದರೆ ದೊಡ್ಡ ಟೈರಿನ ಮೋಹದ ವಿಷಯದಲ್ಲಿ ಅಷ್ಟು ಉದಾರರಾಗಲಾರೆವು. 28 ಅಂಗುಲದ ಟೈರಿನ ಬದಲು 31 ಅಂಗುಲದ್ದನ್ನು ಹಾಕಿದರೆ, ವೇಗಸೂಚಿ 60 ತೋರಿಸುವಾಗ ನಿಜವಾದ ವೇಗ 66. ಬ್ರೇಕಿನ ಅದೇ ಒತ್ತಡಕ್ಕೆ ನೆಲದ ಮೇಲಿನ ತಡೆಬಲ ನೂರಕ್ಕೆ ಹತ್ತರಷ್ಟು ಕಡಿಮೆ. ಜೊತೆಗೆ ಚಕ್ರಗಳು ಹೊರಚಾಚಿ ಕಾಣಲೆಂದು ಬೇರೆ ರಿಮ್ಮು ಹಾಕಿಸುತ್ತಾರೆ. ಆಗ ಭಾರವು ಬೇರಿಂಗಿನ ನಡುವಿನಿಂದ ಆಚೆಗೆ ಸರಿಯುತ್ತದೆ. ಗುಂಡಿನ ಬೇರಿಂಗಿನ ಆಯುಷ್ಯ ಹೊರೆಯ ಘನಕ್ಕೆ ವಿಲೋಮವಾಗಿರುತ್ತದೆ: ಹೊರೆ ಎರಡರಷ್ಟಾದರೆ ಆಯುಷ್ಯ ಎಂಟರಲ್ಲಿ ಒಂದು ಪಾಲು. ರೋಲರ್ ಬೇರಿಂಗಿನ ನಿಯಮ ಇನ್ನೂ ಸ್ವಲ್ಪ ಕಠಿಣ. ಇಲ್ಲಿ ಟೈರೂ ರಿಮ್ಮೂ ತಮ್ಮಷ್ಟಕ್ಕೆ ಅತ್ಯುತ್ತಮವಾಗಿರಬಹುದು. ಪೆಟ್ಟು ಬೀಳುವುದು ಯಾರೂ ಮುಟ್ಟದ ಬೇರೊಂದು ಭಾಗಕ್ಕೆ. ವಾಹನದ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ವಿಧಿಸುತ್ತದೆಂಬುದನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು.

ಗಾಳಿಶೋಧಕದ ಬಗ್ಗೆಯೂ ಎಚ್ಚರಿಕೆಯ ಮಾತು ಸಲ್ಲುತ್ತದೆ. “ಇದನ್ನು ಹಾಕಿದರೆ ಇಂಜಿನ್ ಸರಾಗವಾಗಿ ಉಸಿರಾಡುತ್ತದೆ” ಎಂದು ಮಾರುವ ಶೋಧಕದ ರಂಧ್ರಗಳು ದೊಡ್ಡವಾಗಿದ್ದರೆ ಗಾಳಿಯೊಡನೆ ಧೂಳೂ ಸರಾಗವಾಗಿ ಒಳಹೋಗುತ್ತದೆ. ದಾರಿಯ ಧೂಳಿನಲ್ಲಿ ಹೇರಳವಾಗಿರುವುದು ಬೆಣಚುಕಲ್ಲಿನ ಪುಡಿ. ಮೋಸ್ ಮಾನದಲ್ಲಿ ಅದರ ಗಡಸುತನ 7, ಸಿಲಿಂಡರಿನ ಬೀಡಿಗಿಂತ ಹೆಚ್ಚು. ಎಣ್ಣೆಯ ಪದರದ ದಪ್ಪವಾದರೋ ಕೆಲವೇ ಮೈಕ್ರಾನು. ಅದಕ್ಕಿಂತ ದಪ್ಪದ ಒಂದೊಂದು ಕಣವೂ ಪಿಸ್ಟನ್ನಿಗೂ ಗೋಡೆಗೂ ನಡುವೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ.

ಕುತೂಹಲವುಳ್ಳ ವಿದ್ಯಾರ್ಥಿಗಳು ಪಿಸ್ಟನ್ನಿನ ಅಡಗಿದ ಗುಣವನ್ನು ಪ್ರಯೋಗದಿಂದ ಹೊರಗೆಳೆಯಲು ಯತ್ನಿಸಬಹುದು. ಪಿಸ್ಟನ್ನಿನ ವ್ಯಾಸವನ್ನು ಕೋಣೆಯ ಉಷ್ಣತೆಯಲ್ಲಿ, ಅಂದರೆ ಸುಮಾರು 25 ಡಿಗ್ರಿಯಲ್ಲಿ, ಅಳೆದು, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ತೆಗೆದು, ಆರುವ ಮೊದಲೇ ಅದೇ ಗುರುತಿನಲ್ಲಿ ಮತ್ತೆ ಅಳೆಯುವುದು. ಉಷ್ಣತೆಯ ಏರಿಕೆ 75 ಡಿಗ್ರಿ. 65 ಮಿಲಿಮೀಟರಿನ ಪಿಸ್ಟನ್ ಸಿಲಿಕಾನ್ ಬೆರೆತುದಾದರೆ ಸುಮಾರು 0.098 ಮಿಲಿಮೀಟರ್ ಹಿಗ್ಗಿರಬೇಕು. ಬರಿಯ ಅಲ್ಯುಮಿನಿಯಮ್ಮಿಗೆ ಸಮೀಪದ್ದಾದರೆ 0.112. ಅಂತರ 0.014 ಮಿಲಿಮೀಟರ್. 0.02 ಮಿಲಿಮೀಟರ್ ಓದುವ ವರ್ನಿಯರ್ ಕ್ಯಾಲಿಪರಿಗೆ ಇದು ಸಿಗುವುದಿಲ್ಲ. 0.01 ಓದುವ ತಿರುಪುಮಾಪಕಕ್ಕೆ ಒಂದೂವರೆ ಗೆರೆ, ಅಂದರೆ ಸಿಕ್ಕೂ ಸಿಗದಂತೆ. ಕಾಲೇಜಿನ ಸಾಮಾನ್ಯ ತಿರುಪುಮಾಪಕದ ಬಾಯಿ 25 ಮಿಲಿಮೀಟರಿಗಿಂತ ಅಗಲವಾಗದು; 50ರಿಂದ 75 ಮಿಲಿಮೀಟರಿನದು ಇಂಜಿನಿಯರಿಂಗ್ ಕಾಲೇಜಿನ ಕಮ್ಮಟದಲ್ಲಿಯೋ ರೀಬೋರ್ ಮಾಡುವ ಲೇತಿನವರಲ್ಲಿಯೋ ದೊರೆಯುತ್ತದೆ. ಒಂದೇ ಸಲ ಅಳೆದು ತೀರ್ಮಾನಿಸದೆ ಹತ್ತು ಸಲ ಅಳೆದು ಸರಾಸರಿ ತೆಗೆಯಬೇಕು. ಮಾಪಕವು ಬಿಸಿ ಪಿಸ್ಟನ್ನಿಗೆ ತಗುಲಿ ತಾನೂ ಹಿಗ್ಗದಂತೆ ಪ್ರತಿ ಸಲವೂ ಕ್ಷಣಮಾತ್ರದಲ್ಲಿ ಓದಿ ತೆಗೆಯಬೇಕು, ಮತ್ತು ಗುಣ ಗೊತ್ತಿರುವ ಹೆಸರಾಂತ ತಯಾರಕರ ಪಿಸ್ಟನ್ನೊಂದನ್ನು ಅದೇ ರೀತಿ ಅಳೆದು ಹೋಲಿಸಬೇಕು.